ನಾಯಿಗಿಟ್ಟ ಅನ್ನಕ್ಕೆ ಇಲಿ, ಇಲಿಯ ಹಿಂದೆ ಹಾವು

ಬೀದಿನಾಯಿಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ಒಂದರ ಹಿಂದೊಂದರಂತೆ ನೀಡಿದ ಆದೇಶಗಳ ಬಳಿಕ ಮುಂಬಯಿ, ಥಾಣೆ, ನವಿ ಮುಂಬಯಿ ಪರಿಸರದ ಹೌಸಿಂಗ್ ಸೊಸೈಟಿಗಳಲ್ಲಿ ಜಗಳಕ್ಕೊಂದು ಹೊಸ ವಿಷಯ ಸಿಕ್ಕಿದೆ. ಲಿಫ್ಟ್ ರಿಪೇರಿ, ಪಾರ್ಕಿಂಗ್, ಟೆರೇಸ್ ಸೋರಿಕೆಗಳ ಸಾಲಿಗೆ ನಾಯಿಗೆ ಅನ್ನ ಹಾಕುವ ಜಾಗವೂ ಸೇರಿಕೊಂಡಿದೆ. ನಮ್ಮ ಕನ್ನಡ ಸಂಘಗಳ ಸದಸ್ಯರಲ್ಲಿ ಅನೇಕರು ತಮ್ಮ ತಮ್ಮ ಸೊಸೈಟಿಯ ಕಾರ್ಯದರ್ಶಿಯೋ ಕೋಶಾಧಿಕಾರಿಯೋ ಆಗಿರುವುದರಿಂದ ಈ ಜಗಳದ ಬಿಸಿ ನಮ್ಮವರಿಗೂ ತಟ್ಟದೆ ಇರುವುದಿಲ್ಲ. ಆದರೆ ಈ ಎಲ್ಲ ವಾದ-ವಿವಾದದ ನಡುವೆ ಯಾರೂ ಎತ್ತದ ಪ್ರಶ್ನೆಯೊಂದಿದೆ. ನಾಯಿ ತಿಂದು ಉಳಿಸಿದ ಅನ್ನವನ್ನು ರಾತ್ರಿ ಯಾರು ತಿನ್ನುತ್ತಾರೆ? ತಿನ್ನುವುದು ಇಲಿ ಮತ್ತು ಹೆಗ್ಗಣ. ಅವುಗಳನ್ನು ಹುಡುಕಿಕೊಂಡು ಬರುವುದು ಹಾವು.

ಮೊದಲು ಆದೇಶಗಳ ವಿಚಾರ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವು ದಿಲ್ಲಿ ಮತ್ತು ಆಸುಪಾಸಿನ ನಗರಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಿಗೆ ಹಾಕಬೇಕು, ಮರಳಿ ಬಿಡಬಾರದು ಎಂದಿತ್ತು. ದೇಶದಾದ್ಯಂತ ಗದ್ದಲವೆದ್ದ ಮೇಲೆ ಆಗಸ್ಟ್ 22ರಂದು ತ್ರಿಸದಸ್ಯ ಪೀಠ ಅದನ್ನು ಬದಲಾಯಿಸಿತು. ಸಂತಾನಹರಣ ಚಿಕಿತ್ಸೆ, ಲಸಿಕೆ ಆದ ಮೇಲೆ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ರೇಬೀಸ್ ತಗಲಿದ, ಆಕ್ರಮಣಕಾರಿ ನಾಯಿಗಳನ್ನು ಬಿಡುವಂತಿಲ್ಲ. ಬೀದಿಯಲ್ಲಿ ಎಲ್ಲೆಂದರಲ್ಲಿ ಅನ್ನ ಹಾಕುವಂತಿಲ್ಲ. ಪ್ರತಿ ವಾರ್ಡಿನಲ್ಲಿ ಪಾಲಿಕೆ ಅದಕ್ಕೆಂದೇ ನಿಗದಿತ ಜಾಗ ಮಾಡಬೇಕು ಎಂಬುದು ಅದರ ಸಾರ. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಕಡೆಯಿಂದ ನಾಯಿಗಳನ್ನು ತೆರವುಗೊಳಿಸುವ ಇನ್ನೊಂದು ಆದೇಶ ಬಂತು.

ಸೊಸೈಟಿಗಳ ಮಟ್ಟಿಗೆ ಇದಕ್ಕಿಂತ ಹಿಂದಿನದೇ ಒಂದು ಕಟ್ಟಳೆ ಇದೆ. ಕೇಂದ್ರ ಸರಕಾರದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ವಸತಿ ಸಂಕೀರ್ಣದೊಳಗಿನ ನಾಯಿಗಳಿಗೆ ಆಹಾರ ಹಾಕುವ ಜಾಗವನ್ನು ಅಲ್ಲಿನ ಸಂಘವೇ ಗೊತ್ತುಪಡಿಸಬೇಕು. ಆ ಜಾಗ ಮಕ್ಕಳ ಆಟದ ಮೈದಾನ, ಗೇಟು, ಮೆಟ್ಟಿಲು ಇವುಗಳಿಂದ ದೂರವಿರಬೇಕು. ತಿನ್ನಿಸಿದ ಕಡೆ ಕಸ ಬೀಳಬಾರದು ಎಂಬ ಮಾತೂ ಅದರಲ್ಲಿದೆ. ಆದರೆ ಸಭೆಗಳಲ್ಲಿ ಆ ಕೊನೆಯ ಸಾಲನ್ನು ಓದಿ ಹೇಳುವವರು ಕಡಿಮೆ.

ಈಗ ನೀವೇ ನಿಮ್ಮ ಸೊಸೈಟಿಯ ನಕಾಶೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಗೇಟಿನಿಂದ ದೂರ, ಮಕ್ಕಳಿಂದ ದೂರ, ಮೆಟ್ಟಿಲಿನಿಂದ ದೂರ ಎಂದರೆ ಉಳಿಯುವುದು ಯಾವ ಜಾಗ? ಕಟ್ಟಡದ ಹಿಂಬದಿ. ಪಂಪ್‌ಹೌಸಿನ ಪಕ್ಕ, ಕಾಂಪೌಂಡ್ ಗೋಡೆಯ ಮೂಲೆ, ಯಾರದೋ ಮನೆಯ ರಿನೋವೇಶನ್ ಮುಗಿದ ಮೇಲೆ ತಂದು ಸುರಿದ ಒಡೆದ ಟೈಲ್ಸ್, ಹಳೆಯ ಬಾಗಿಲು, ಮುರಿದ ಕುರ್ಚಿಗಳ ರಾಶಿ, ಅದರಾಚೆಗೆ ಗಟಾರ. ಮನುಷ್ಯರ ಓಡಾಟ ಕಡಿಮೆ, ಅಡಗಲು ಸಂದು ಬೇಕಾದಷ್ಟು, ತಣ್ಣಗಿನ ನೆರಳು, ತೇವ. ಹಾವೊಂದು ತನಗೆ ಬೇಕಾದ ಜಾಗಕ್ಕೆ ಅರ್ಜಿ ಬರೆದರೂ ಇದಕ್ಕಿಂತ ಚೆನ್ನಾಗಿ ಬರೆಯಲಾರದು. ಅಲ್ಲಿಗೆ ದಿನಕ್ಕೆರಡು ಹೊತ್ತು ಅನ್ನ, ಚಪಾತಿ, ಕೋಳಿಯ ಮೂಳೆ ತಂದಿಟ್ಟರೆ ಇಲಿಗಳಿಗೂ ಆಮಂತ್ರಣ ಕೊಟ್ಟಂತಾಯಿತು. ನಾಯಿಯಿಂದ ಮಕ್ಕಳನ್ನು ದೂರವಿಡುವ ಒಳ್ಳೆಯ ಉದ್ದೇಶದ ನಿಯಮವೇ, ಕಣ್ಮುಚ್ಚಿ ಪಾಲಿಸಿದರೆ, ನಾಯಿಯನ್ನೂ ಅನ್ನ ಹಾಕುವವರನ್ನೂ ಹಾವಿನ ಬಾಯಿಯ ಬಳಿ ನಿಲ್ಲಿಸುತ್ತದೆ. ನಿಯಮ ತಪ್ಪು ಎಂದು ನಾನು ಹೇಳುತ್ತಿಲ್ಲ. ಜಾಗ ಗೊತ್ತು ಮಾಡುವ ಮುನ್ನ ಆ ಮೂಲೆಯನ್ನು ಒಮ್ಮೆ ಹಗಲಲ್ಲೂ ಒಮ್ಮೆ ಟಾರ್ಚ್ ಹಿಡಿದು ರಾತ್ರಿಯೂ ನೋಡಿ ಬರಬೇಕು ಎನ್ನುತ್ತಿದ್ದೇನೆ.

ನಮ್ಮ ಜನ ಹೆಚ್ಚಾಗಿ ನೆಲೆಸಿರುವ ಉಪನಗರಗಳನ್ನೇ ನೋಡಿ. ಬೊರಿವಲಿ, ಕಾಂದಿವಲಿ, ಮಲಾಡ್, ಗೋರೆಗಾಂವ್ ಒಂದು ಮಗ್ಗುಲಿಗೆ, ಮುಲುಂಡ್, ಭಾಂಡುಪ್, ಥಾಣೆ ಇನ್ನೊಂದು ಮಗ್ಗುಲಿಗೆ. ನಡುವೆ ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಥಾಣೆಯ ಘೋಡ್‌ಬಂದರ್ ರಸ್ತೆಯ ಹೊಸ ಟವರುಗಳು ಯೇವೂರು ಬೆಟ್ಟದ ಬುಡಕ್ಕೇ ಹೋಗಿ ನಿಂತಿವೆ. ಖಾರ್‌ಘರ್ ಗುಡ್ಡದ ಮಡಿಲಲ್ಲಿದೆ. ಡೊಂಬಿವಲಿ, ಕಲ್ಯಾಣ್ ಕಡೆ ಹೊಸ ಬಡಾವಣೆಗಳು ಗದ್ದೆಯ ಮೇಲೆ ಎದ್ದಿವೆ. ಇಲ್ಲೆಲ್ಲ ಹಾವು ಹೊರಗಿನಿಂದ ಬಂದ ಅತಿಥಿಯಲ್ಲ, ನಾವು ಬರುವ ಮೊದಲೇ ಇದ್ದ ನಿವಾಸಿ.

ಉದ್ಯಾನದ ಅಂಚಿನ ಸೊಸೈಟಿಗಳವರಿಗೆ ಚಿರತೆಯ ಪಾಠ ಗೊತ್ತಿರುವಂಥದ್ದೇ. ಕಸದ ತೊಟ್ಟಿಯ ಸುತ್ತ ನಾಯಿಗಳು ಹೆಚ್ಚಿದರೆ ಚಿರತೆ ಕಾಂಪೌಂಡಿನೊಳಗೆ ಬರುತ್ತದೆ ಎಂದು ಅರಣ್ಯ ಇಲಾಖೆ ವರ್ಷಗಳಿಂದ ಹೇಳುತ್ತ ಬಂದಿದೆ, ಜನರೂ ಅದನ್ನು ಒಪ್ಪಿದ್ದಾರೆ. ಚಿರತೆ ನಾಯಿಗಾಗಿ ಬರುತ್ತದೆ. ಹಾವಿಗೆ ನಾಯಿ ಬೇಕಿಲ್ಲ, ನಾಯಿಯ ತಟ್ಟೆಯಲ್ಲಿ ಉಳಿದದ್ದನ್ನು ತಿನ್ನುವ ಇಲಿ ಬೇಕು. ಈ ಎರಡನೆಯ ಮಾತು ಮಾತ್ರ ಇನ್ನೂ ನಮ್ಮ ತಲೆಗೆ ಹೋಗಿಲ್ಲ. ನಾಯಿಗೂಡಿನ ಬಳಿ ಹಾವು ಕಂಡರೆ ಅದು ನಾಯಿಯ ವಾಸನೆಗೆ ಬಂತು, ಮರಿಯನ್ನು ನುಂಗಲು ಬಂತು, ಹಾಲು ಕುಡಿಯಲು ಬಂತು ಎಂದೆಲ್ಲ ಹೇಳುವವರಿದ್ದಾರೆ. ಹಾಲು ಹಾವಿನ ಆಹಾರವೇ ಅಲ್ಲ. ದೊಡ್ಡ ಹೆಬ್ಬಾವೊಂದನ್ನು ಬಿಟ್ಟರೆ ನಮ್ಮ ಸುತ್ತಲಿನ ಹಾವುಗಳು ನಾಯಿಯ ತಂಟೆಗೆ ಹೋಗುವುದೇ ಇಲ್ಲ. ನಾಯಿಯೇ ಮೂಸಲು ಹೋಗುತ್ತದೆ, ಕಾಲಿನಿಂದ ಕೆದಕುತ್ತದೆ. ಹಾಗಾಗಿಯೇ ನಾಯಿಗಳಿಗೆ ಕಡಿತವಾಗುವುದು ಹೆಚ್ಚಾಗಿ ಮೂತಿಗೆ, ಇಲ್ಲವೇ ಮುಂಗಾಲಿಗೆ.

ಯಾವ ಹಾವುಗಳು ಎಂಬುದನ್ನೂ ಸ್ವಲ್ಪ ತಿಳಿದಿರುವುದು ಒಳ್ಳೆಯದು, ಯಾಕೆಂದರೆ ಇಲ್ಲಿನ ವಾಚ್‌ಮನ್ ಹೇಳುವ ಮರಾಠಿ ಹೆಸರು ಬೇರೆ, ನಮ್ಮ ಊರಿನ ಹೆಸರು ಬೇರೆ. ಅತಿ ಹೆಚ್ಚು ಕಾಣಸಿಗುವುದು ಧಾಮಣ್, ಅಂದರೆ ನಮ್ಮ ಕೇರೆ ಹಾವು. ವಿಷವಿಲ್ಲ, ಇಲಿಯೇ ಅದರ ಊಟ. ಉದ್ದ ಮತ್ತು ವೇಗ ನೋಡಿ ಜನ ನಾಗರವೆಂದು ಹೆದರಿ ಹೊಡೆಯುತ್ತಾರೆ. ವಿಷದ ಹಾವುಗಳಲ್ಲಿ ನಾಲ್ಕು ಮುಖ್ಯ. ನಾಗರ ಎಲ್ಲರಿಗೂ ಗೊತ್ತು. ಘೋಣಸ್ ಎಂದರೆ ಕೊಳಕುಮಂಡಲ, ಕರಾವಳಿಯವರ ಕನ್ನಡಿ ಹಾವು. ಒಣ ಎಲೆಗಳ ನಡುವೆ ಬಿದ್ದಿದ್ದರೆ ಕಾಣುವುದೇ ಇಲ್ಲ, ಹತ್ತಿರ ಹೋದರೆ ಕುಕ್ಕರಿನಂತೆ ಸದ್ದು ಮಾಡುತ್ತದೆ. ಮಣ್ಯಾರ್ ಎಂದರೆ ಕಟ್ಟುಹಾವು, ಕೆಲವು ಕಡೆ ಕಡಂಬಳ. ಫುರ್ಸೇ ಎಂದರೆ ಗರಗಸ ಮಂಡಲ, ಕೊಂಕಣದ ಕಲ್ಲುಭೂಮಿಯಲ್ಲಿ ಬಹಳ. ಇವುಗಳಲ್ಲಿ ಕೊಳಕುಮಂಡಲ ಮತ್ತು ನಾಗರ ಇಲಿಯ ಬೆನ್ನುಹತ್ತಿ ಮನೆಗಳ ತೀರಾ ಹತ್ತಿರಕ್ಕೆ ಬರುವಂಥವು. ಕಟ್ಟುಹಾವು ಬೇರೆ ಹಾವುಗಳನ್ನೂ ತಿನ್ನುತ್ತದೆ.

ಹಾವನ್ನು ದೂರವಿಡಲು ಸೊಸೈಟಿಗಳು ಸಾಮಾನ್ಯವಾಗಿ ಮಾಡುವ ಖರ್ಚಿನ ಬಗ್ಗೆ ಹೇಳಲೇಬೇಕು, ಏಕೆಂದರೆ ಅದರಲ್ಲಿ ಬಹುಪಾಲು ನೀರಿಗೆ ಹಾಕಿದ ಹೋಮ. ನಾನಿರುವ ಸೊಸೈಟಿಯಲ್ಲಿ ಕೆಲ ವರ್ಷಗಳ ಹಿಂದೆ ಮಳೆಗಾಲದ ಆರಂಭದಲ್ಲಿ ನಾಯಿಗಳು ಮಲಗುವ ಶೆಡ್ಡಿನ ಹತ್ತಿರ ಹಾವು ಕಂಡಿತೆಂದು ಕಮಿಟಿಯವರು ಒಂದು ಪೆಸ್ಟ್ ಕಂಟ್ರೋಲ್ ಸಂಸ್ಥೆಯವರನ್ನು ಕರೆಸಿದರು. ಅವರು ಬಂದು ಗೋಡೆಯ ಉದ್ದಕ್ಕೂ ಕಾರ್ಬಾಲಿಕ್ ಆಸಿಡ್ ಚಿಮುಕಿಸಿ, ಮೂಲೆ ಮೂಲೆಗೆ ನುಸಿಗುಳಿಗೆ ಇಟ್ಟು, ಬಿಲ್ಲು ಕೊಟ್ಟು ಹೋದರು. ಎರಡು ದಿನ ಇಡೀ ಹಿಂಬದಿ ಆಸ್ಪತ್ರೆಯಂತೆ ನಾರುತ್ತಿತ್ತು. ಮೂರನೆಯ ದಿನ ಜೋರು ಮಳೆ. ಹದಿನೈದು ದಿನ ಕಳೆಯುವುದರೊಳಗೆ ಅದೇ ಜಾಗದಲ್ಲಿ ಒಂದು ದೊಡ್ಡ ಕೇರೆ ಹಾವು ಆರಾಮವಾಗಿ ಹೊರಟಿತ್ತು. ಅಷ್ಟರಲ್ಲಿ ನಾಯಿಮರಿಯೊಂದರ ಪಾದ ಸುಟ್ಟು ಚರ್ಮ ಎದ್ದಿತ್ತು. ಆ ಮರಿಗೆ ದಿನಾ ಬಿಸ್ಕತ್ತು ಹಾಕುತ್ತಿದ್ದ ಎರಡನೆಯ ಮಾಳಿಗೆಯ ಹುಡುಗಿ ಅದನ್ನು ಎತ್ತಿಕೊಂಡು ಡಾಕ್ಟರರ ಬಳಿ ಓಡಿದಳು. ಹಾವಿಗೆ ಏನೂ ಆಗಿರಲಿಲ್ಲ.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಹಾವು ವಾಸನೆ ಗ್ರಹಿಸುವುದು ಮುಖ್ಯವಾಗಿ ನಾಲಿಗೆಯ ಮೂಲಕ. ನಾಲಿಗೆ ಹೊತ್ತು ತಂದ ಕಣಗಳನ್ನು ಬಾಯಿಯ ಮೇಲ್ಭಾಗದ ಒಂದು ಅಂಗ ಓದುತ್ತದೆ. ನಮ್ಮ ಮೂಗಿಗೆ ಅಸಹ್ಯವಾದದ್ದೆಲ್ಲ ಅದಕ್ಕೂ ಅಸಹ್ಯವಾಗಬೇಕೆಂಬ ನಿಯಮವಿಲ್ಲ. ಗಂಧಕ, ನುಸಿಗುಳಿಗೆ, ಫಿನೈಲ್, ಸೀಮೆಎಣ್ಣೆ, ಬ್ಲೀಚಿಂಗ್ ಪೌಡರ್ ಯಾವುದೂ ನಂಬಿ ಕೂರುವಂಥ ತಡೆಯಲ್ಲ. ಅದೇ ಕಾರ್ಬಾಲಿಕ್ ಆಸಿಡ್ ಮನುಷ್ಯರ ಚರ್ಮವನ್ನೂ ಸುಡುತ್ತದೆ, ಫಿನೈಲ್ ಮತ್ತು ನುಸಿಗುಳಿಗೆ ಬೆಕ್ಕಿಗೆ ಪ್ರಾಣಾಪಾಯ. ಊರಲ್ಲಿ ಬೆಳ್ಳುಳ್ಳಿ ಜಜ್ಜಿ ನೀರಿಗೆ ಹಾಕಿ ಮನೆಯ ಸುತ್ತ ಚಿಮುಕಿಸುವ ಕ್ರಮವಿದೆ, ಹಿರಿಯರು ಮಾಡುತ್ತಿದ್ದರು, ನಾವೂ ನೋಡಿ ಬೆಳೆದವರು. ಅದರಿಂದ ಹಾವು ನಿಲ್ಲುತ್ತದೆ ಎನ್ನಲು ಆಧಾರವಿಲ್ಲ, ಆದರೆ ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿ ಬೆಕ್ಕುಗಳ ಹೊಟ್ಟೆಗೆ ಹೋದರೆ ವಿಷ ಎಂಬುದು ಮಾತ್ರ ಖಚಿತ. ಇನ್ನು ಕಿವಿಗೆ ಕೇಳದ ಸದ್ದು ಹೊರಡಿಸಿ ಹಾವು ಓಡಿಸುತ್ತೇವೆ ಎಂದು ಮಾರುವ ಯಂತ್ರಗಳು. ಹಾವಿಗೆ ಹೊರಗಿವಿಯೇ ಇಲ್ಲ. ನೆಲದ ಕಂಪನ ಮತ್ತು ತಗ್ಗಿನ ಸದ್ದುಗಳನ್ನು ಅದು ಗ್ರಹಿಸುತ್ತದೆಯೇ ಹೊರತು ಅಷ್ಟು ಮೇಲಿನ ಸದ್ದನ್ನಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು ಅನ್ನ. ನಾಯಿಗೆ ಹೊತ್ತು ಗೊತ್ತು ಮಾಡಿ ಹಾಕಬೇಕು, ಕತ್ತಲಾಗುವ ಮುನ್ನ ಹಾಕಬೇಕು, ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಬೇಕು. ನೆಲಕ್ಕೆ, ಪೇಪರಿನ ಮೇಲೆ ಸುರಿದು ಹೋಗುವ ಪದ್ಧತಿ ನಿಲ್ಲಬೇಕು. ಜಾಗ ಸಿಮೆಂಟಿನ ನೆಲವಾಗಿದ್ದರೆ ತೊಳೆಯಲು ಸುಲಭ. ಅನ್ನ ಹಾಕುವ ಪುಣ್ಯ ಒಬ್ಬರಿಗೆ, ತೊಳೆಯುವ ಕೆಲಸ ಗುಡಿಸುವ ಬಾಯಿಗೆ ಎಂಬ ವ್ಯವಸ್ಥೆ ಸರಿಯಲ್ಲ, ಅದು ನಡೆಯುವುದೂ ಇಲ್ಲ. ಹಾಕುವವರೇ ಎತ್ತಲಿ. ಸಾಕುನಾಯಿ ಇರುವವರೂ ಅಷ್ಟೇ. ಬಾಲ್ಕನಿ, ಅಂಗಳ, ಗ್ಯಾರೇಜಿನಲ್ಲಿ ಇಡೀ ರಾತ್ರಿ ತಟ್ಟೆ ತುಂಬಿಟ್ಟು ಮಲಗುವುದು ಬೇಡ. ನಾಯಿಯ ಒಣ ಆಹಾರದ ಚೀಲ ಹೊರಗಿದ್ದರೆ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿಡಬೇಕು, ಪ್ಲಾಸ್ಟಿಕ್ಕನ್ನು ಹೆಗ್ಗಣ ಒಂದೇ ರಾತ್ರಿಯಲ್ಲಿ ಕೊರೆಯುತ್ತದೆ.

ಇದೇ ಮಾತು ಪಾರಿವಾಳಕ್ಕೆ ಹಾಕುವ ಕಾಳಿಗೂ ಅನ್ವಯಿಸುತ್ತದೆ. 2025ರ ಜುಲೈ-ಆಗಸ್ಟಿನಲ್ಲಿ ದಾದರಿನ ಕಬೂತರ್‌ಖಾನಾಕ್ಕೆ ಪಾಲಿಕೆ ತಾಡಪತ್ರಿ ಹೊದಿಸಿದಾಗ ನಡೆದ ರಂಪವನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಚರ್ಚೆ ಶ್ವಾಸಕೋಶದ ಕಾಯಿಲೆಯ ಸುತ್ತ ನಡೆಯಿತು, ಅದು ಸರಿಯೇ. ಆದರೆ ಬೆಟ್ಟದ ಬುಡದ ಸೊಸೈಟಿಯಲ್ಲಿ ಕಾಂಪೌಂಡಿನೊಳಗೆ ಸೇರುಗಟ್ಟಲೆ ಜೋಳ ಚೆಲ್ಲಿದರೆ ಹಗಲು ಪಾರಿವಾಳ ತಿಂದು ಉಳಿಸಿದ್ದು ರಾತ್ರಿ ಯಾರ ಪಾಲು ಎಂದು ಅಲ್ಲೂ ಯಾರೂ ಕೇಳಲಿಲ್ಲ.

ಇಲಿಯ ವಿಚಾರದಲ್ಲಿ ಈ ಮಹಾನಗರಕ್ಕೆ ಅನುಭವ ಕಡಿಮೆಯೇನಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗಿನಿಂದಲೂ ಇಲಿಯ ಲೆಕ್ಕ ಇಡುತ್ತಿರುವ ಊರಿದು. ಆ ಪ್ಲೇಗಿನ ಕಾಲಕ್ಕೆ ಬಂದ ಹಾಫ್‌ಕಿನ್ ಅವರ ಹೆಸರಿನ ಪರೇಲಿನ ಸಂಸ್ಥೆಯೇ ಮುಂದೆ ಹಾವಿನ ವಿಷಕ್ಕೆ ಪ್ರತಿವಿಷ ತಯಾರಿಸಿತು ಎಂಬುದು ಕಾಕತಾಳೀಯವಾದರೂ ನೆನಪಿಡಬೇಕಾದ ಸಂಗತಿ. ರಾತ್ರಿ ಹೊತ್ತು ಕೋಲು ಹಿಡಿದು ಇಲಿ ಹೊಡೆಯುವ ನೌಕರರನ್ನು ಪಾಲಿಕೆ ಇಂದಿಗೂ ಇಟ್ಟುಕೊಂಡಿದೆ. 2005ರ ಜುಲೈ 26ರ ಮಹಾಮಳೆಯ ಬಳಿಕ ಇಲಿಜ್ವರ ಹಬ್ಬಿದ್ದು ಮರೆಯುವಂಥದ್ದಲ್ಲ. ಹಾವಿನ ಭಯಕ್ಕಾಗಿ ಇಲಿಯನ್ನು ನಿಯಂತ್ರಿಸಿದರೆ ಇಲಿಜ್ವರದ ಭಯವೂ ಕಡಿಮೆಯಾಗುತ್ತದೆ. ಆದರೆ ಇಲಿಪಾಷಾಣ ಇಡುವಾಗ ಎಚ್ಚರ ಬೇಕು. ವಿಷ ತಿಂದ ಇಲಿಯನ್ನು ನಾಯಿ, ಬೆಕ್ಕು, ಗೂಬೆ ತಿಂದರೆ ಅವುಗಳಿಗೂ ಅಪಾಯ. ಅಂಟು ಹಲಗೆಯಂತೂ ಬೇಡವೇ ಬೇಡ. ಇಲಿ ಸಿಕ್ಕಿಬಿದ್ದ ಅಂಟಿಗೆ ಹಾವೂ ಬಂದು ಅಂಟಿಕೊಳ್ಳುತ್ತದೆ, ಬಿಡಿಸಲು ಹೋದವನ ಗತಿ ಕೇಳಬೇಡಿ. ಬಿಲಗಳನ್ನು ಮುಚ್ಚುವುದು, ಕಸದ ಡಬ್ಬಿಗೆ ಮುಚ್ಚಳ ಹಾಕುವುದು, ಬೋನು ಇಡುವುದು ನಿಧಾನವಾದರೂ ನಂಬಬಹುದಾದ ದಾರಿ.

ಎರಡನೆಯದು ಅಡಗುವ ಜಾಗ. ನಾಯಿಗೂಡಿನ ಸುತ್ತ ಹುಲ್ಲು ಗಿಡ್ಡವಾಗಿರಬೇಕು, ಒಡೆದ ಟೈಲ್ಸ್, ಇಟ್ಟಿಗೆ, ಹಳೆ ಕುಂಡಗಳ ರಾಶಿ ಅಲ್ಲಿರಬಾರದು. ಗೂಡು ನೆಲಕ್ಕೆ ಪೂರ್ತಿ ಕೂತಿರಬೇಕು, ಇಲ್ಲವೇ ಕೆಳಗೆ ಗುಡಿಸಿ ನೋಡಲು ಬರುವಷ್ಟು ಎತ್ತರದಲ್ಲಿರಬೇಕು. ನಡುವಿನ ಎರಡಿಂಚು ಸಂದೇ ಅಪಾಯದ್ದು. ರಾತ್ರಿಯಿಡೀ ಉರಿಯುವ ದೀಪ ಗೂಡಿನ ಮೇಲೆಯೇ ಇದ್ದರೆ ಹುಳ ಬರುತ್ತವೆ, ಹುಳಕ್ಕೆ ಕಪ್ಪೆ ಬರುತ್ತದೆ, ಮಳೆಗಾಲದಲ್ಲಿ ಕಪ್ಪೆಗೂ ಹಾವು ಬರುತ್ತದೆ. ದೀಪ ತುಸು ದೂರವಿರಲಿ. ನೀರಿನ ಬೋಗುಣಿ ಸೋರಿ ನೆಲ ಸದಾ ಒದ್ದೆಯಾಗಿರುವುದೂ ಬೇಡ.

ಮೂರನೆಯದು ಜಾಲರಿ. ಖರ್ಚು ಮಾಡುವುದಿದ್ದರೆ ಇದಕ್ಕೆ ಮಾಡಬೇಕು. ಕಾಲಿಂಚಿಗಿಂತ ದೊಡ್ಡ ಕಣ್ಣಿಲ್ಲದ ಗಟ್ಟಿ ತಂತಿಯ ಜಾಲರಿಯನ್ನು ಸುಮಾರು ಮೂರಡಿ ಎತ್ತರಕ್ಕೆ, ಅರ್ಧ ಅಡಿಯಷ್ಟು ಮಣ್ಣಿನೊಳಕ್ಕೆ ಹೂತು, ಮೇಲ್ಭಾಗ ತುಸು ಹೊರಕ್ಕೆ ಬಾಗುವಂತೆ ಕಟ್ಟಿದರೆ ನೆಲದಲ್ಲಿ ಹರಿಯುವ ಹಾವಿಗೆ ಅದು ದೊಡ್ಡ ತಡೆ. ಬಾಗಿಲಿನ ಕೆಳಗೆ ಸಂದು ಬಿಟ್ಟರೆ ಎಲ್ಲ ವ್ಯರ್ಥ, ರಬ್ಬರ್ ಪಟ್ಟಿ ಹಾಕಬೇಕು. ಜಾಲರಿಗೆ ಬಳ್ಳಿ ಹಬ್ಬಿಸಬಾರದು, ಮರದ ಗೆಲ್ಲು ತಾಗಬಾರದು, ಕೇರೆ ಹಾವು ಮರ ಏರುವುದರಲ್ಲಿ ನಿಪುಣ. ಗಟಾರದ ಬಾಯಿಗೂ ಇದೇ ಜಾಲರಿ ಬೇಕು. ಅಗ್ಗವೆಂದು ನೈಲಾನ್ ಬಲೆ ಕಟ್ಟುವವರಿದ್ದಾರೆ. ಅದು ಹಾವನ್ನು ತಡೆಯುವುದಿಲ್ಲ, ಹಾವು ಅದರಲ್ಲಿ ಸಿಲುಕಿ ಒದ್ದಾಡುತ್ತದೆ, ಒದ್ದಾಡುವ ಹಾವಿನ ಬಳಿಗೆ ನಾಯಿ ಹೋಗುತ್ತದೆ. ಅಂದಹಾಗೆ ರಾತ್ರಿ ಹೊರಗೆ ನಾಯಿಯನ್ನು ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವ ಪದ್ಧತಿಯೂ ನಿಲ್ಲಬೇಕು. ಹಾವು ಎದುರಾದಾಗ ಹಿಂದೆ ಸರಿಯಲು ಅದಕ್ಕೆ ಜಾಗವೇ ಇರುವುದಿಲ್ಲ.

ಇಷ್ಟೆಲ್ಲ ನಾಯಿಗಾಗಿ ಮಾತ್ರವೇ ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಸೊಸೈಟಿಗಳಲ್ಲಿ ಹಾವಿಗೆ ಅತಿ ಹತ್ತಿರ ಇರುವವನು ನಾಯಿಯೂ ಅಲ್ಲ, ಮೇಲಿನ ಮಾಳಿಗೆಯಲ್ಲಿ ಮಲಗುವ ನಾವೂ ಅಲ್ಲ. ಪಂಪ್‌ಹೌಸಿನ ಪಕ್ಕದ ಕೋಣೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗುವ ವಾಚ್‌ಮನ್. ಬೆಳಗ್ಗೆ ಐದಕ್ಕೆ ಬರಿಗೈಯಲ್ಲಿ ಎಲೆರಾಶಿ ಎತ್ತುವ ಹೆಂಗಸು. ಕಟ್ಟುಹಾವು ಓಡಾಡುವುದು ರಾತ್ರಿ, ಕಚ್ಚುವುದು ಹೆಚ್ಚಾಗಿ ನೆಲದಲ್ಲಿ ಮಲಗಿದವರನ್ನು. ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದವನ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಅಜೀರ್ಣವೆಂದು ಸೋಡಾ ಕುಡಿಸಿ ಕೂರಿಸಿದರೆ ಆ ಮನುಷ್ಯ ಉಳಿಯುವುದಿಲ್ಲ. ವಾಚ್‌ಮನ್‌ಗೆ ಒಂದು ಮಂಚ, ಒಂದು ಸೊಳ್ಳೆಪರದೆ, ಒಂದು ಒಳ್ಳೆಯ ಟಾರ್ಚ್, ಗುಡಿಸುವವರಿಗೆ ಗಂಬೂಟು ಮತ್ತು ದಪ್ಪ ಕೈಗವಸು, ಇಷ್ಟನ್ನು ಕೊಡಿಸಲು ಯಾವ ಸೊಸೈಟಿಯೂ ಬಡವಾಗದು.

2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಮಂದಿ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಕರ್ನಾಟಕ ಸರಕಾರ 2024ರ ಫೆಬ್ರವರಿಯಲ್ಲೇ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮಾರ್ಚಿನಲ್ಲಿ ಕೇಂದ್ರ ಸರಕಾರ 2030ರೊಳಗೆ ಸಾವನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಯೋಜನೆ ಪ್ರಕಟಿಸಿತು, ನವೆಂಬರಿನಲ್ಲಿ ಎಲ್ಲ ರಾಜ್ಯಗಳಿಗೂ ಹಾಗೆಯೇ ವರದಿ ಮಾಡುವಂತೆ ಪತ್ರ ಬರೆಯಿತು. ತವರು ರಾಜ್ಯ ಈ ವಿಚಾರದಲ್ಲಿ ಮುಂದಿತ್ತು ಎಂಬುದು ನಮಗೆ ಸಮಾಧಾನದ ವಿಷಯ.

ಊರಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಅನೇಕರ ಊರಿನ ಮನೆಯಲ್ಲಿ ವಯಸ್ಸಾದ ತಂದೆ-ತಾಯಿ, ಅವರ ಕಾವಲಿಗೊಂದು ನಾಯಿ. ನಾಯಿಗೂಡು ಎಲ್ಲಿರುತ್ತದೆ? ಸೌದೆ ಕೊಟ್ಟಿಗೆಯ ಪಕ್ಕ, ತೆಂಗಿನ ಮಡಲು, ಸಿಪ್ಪೆಯ ರಾಶಿಯ ನಡುವೆ, ಹತ್ತಿರದಲ್ಲೇ ಬೈಹುಲ್ಲು. ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ ಸಿಸಿಟಿವಿ ಕೂರಿಸುವ ಮೊದಲು ಆ ಗೂಡನ್ನು ಹತ್ತು ಹೆಜ್ಜೆ ಸರಿಸಿ ಬಯಲಿಗೆ ತಂದರೆ ಉಪಕಾರವಾದೀತು. ರಾತ್ರಿ ನಾಯಿ ಒಂದೇ ಸಮನೆ ಬೊಗಳಿದಾಗ ಬರಿಗಾಲಲ್ಲಿ, ಕತ್ತಲಲ್ಲಿ ನೋಡಲು ಹೋಗುವುದು ಆ ಹಿರಿಯರೇ ತಾನೆ.

ನಾಗಬನಕ್ಕೆ ಕೈಮುಗಿದು ಬೆಳೆದ ನಾವು ನಾಗರವನ್ನು ಹೊಡೆಯುವುದಿಲ್ಲ, ಆದರೆ ಕನ್ನಡಿ ಹಾವೋ ಕೇರೆಯೋ ಆದರೆ ಕೋಲು ಹುಡುಕುತ್ತೇವೆ. ಕಾನೂನಿಗೆ ಆ ಭೇದವಿಲ್ಲ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ನಂತರ ನಾಗರ ಮಾತ್ರವಲ್ಲ, ಕೇರೆ ಹಾವೂ ಅತ್ಯಂತ ಹೆಚ್ಚಿನ ರಕ್ಷಣೆಯ ಮೊದಲ ಪರಿಚ್ಛೇದದಲ್ಲಿದೆ. ಹಾವು ಕಂಡರೆ ನಾಯಿ, ಮಕ್ಕಳನ್ನು ಒಳಗೆ ಕರೆದುಕೊಂಡು, ದೂರದಿಂದ ಅದರ ಮೇಲೆ ಕಣ್ಣಿಟ್ಟು, ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಬೇಕು. ಮೊಬೈಲಿನಲ್ಲಿ ಫೋಟೋ ತೆಗೆಯಲು ಹತ್ತಿರ ಹೋಗುವವರನ್ನು ಕಮಿಟಿಯವರು ಗದರಿಸಿಯಾದರೂ ಹಿಂದೆ ಕಳಿಸಬೇಕು. ಹಾವು ಹಿಡಿದುಕೊಂಡು ಹೋದ ಮೇಲೂ ಅನ್ನ ಅಲ್ಲೇ ಬಿದ್ದಿದ್ದರೆ ಇನ್ನೊಂದು ಬರುತ್ತದೆ. ಅದನ್ನು ಜೋಡಿ ಹಾವು ಸೇಡಿಗೆ ಬಂತು ಎನ್ನುವವರು ಇಲಿಯ ಬಿಲ ನೋಡಿರುವುದಿಲ್ಲ.

ಮನುಷ್ಯರಿಗೆ ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಹಗ್ಗ ಬಿಗಿಯಬಾರದು. ಕಚ್ಚಿದ ಕೈಕಾಲು ಅಲುಗದಂತೆ ಮಲಗಿಸಿ, ಉಂಗುರ, ಬಳೆ, ವಾಚು ತೆಗೆದು, 108ಕ್ಕೆ ಕರೆ ಮಾಡಿ ಪ್ರತಿವಿಷ ಇರುವ ದೊಡ್ಡ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು. ನಾಯಿಗೆ ಕಚ್ಚಿದರೂ ಅದನ್ನು ನಡೆಸದೆ, ಕುತ್ತಿಗೆಯ ಪಟ್ಟಿ ಬಿಚ್ಚಿ, ಎತ್ತಿಕೊಂಡೇ ಹೋಗಬೇಕು. ನಾಯಿಗೆ ಕೊಡುವುದೂ ಆ ನಾಲ್ಕು ಹಾವುಗಳಿಗಿರುವ ಅದೇ ಪ್ರತಿವಿಷವನ್ನು. ಪ್ರಮಾಣ ಗೊತ್ತಾಗುವುದು ದೇಹದ ತೂಕದಿಂದಲ್ಲ, ಒಳಹೋದ ವಿಷದಿಂದ. ಹಾಗಾಗಿ ಚಿಕ್ಕ ನಾಯಿಗೂ ಹಲವು ಸೀಸೆ ಬೇಕಾಗಬಹುದು, ಖರ್ಚೂ ಹಾಗೆಯೇ. ಎಲ್ಲ ಪಶುವೈದ್ಯರ ಬಳಿ ಅದು ದಾಸ್ತಾನಿರುವುದಿಲ್ಲ. ಪರೇಲಿನ ಬಾಯಿ ಸಕರಬಾಯಿ ಪೆಟಿಟ್ ಪ್ರಾಣಿ ಆಸ್ಪತ್ರೆ ಎಲ್ಲರಿಗೂ ಗೊತ್ತು, ಆದರೆ ಮಳೆಯ ರಾತ್ರಿ ಡೊಂಬಿವಲಿಯಿಂದಲೋ ಖಾರ್‌ಘರ್‌ನಿಂದಲೋ ಅಲ್ಲಿಗೆ ತಲಪುವುದರೊಳಗೆ ಕಾಲ ಮೀರಿರುತ್ತದೆ. ಹತ್ತಿರದಲ್ಲಿ ಯಾರ ಬಳಿ ಪ್ರತಿವಿಷವಿದೆ, ರಾತ್ರಿ ಯಾರು ತೆರೆದಿರುತ್ತಾರೆ ಎಂದು ಮೊದಲೇ ಕೇಳಿಕೊಂಡು ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಬೇಕು.

ಕೊನೆಗೆ ದಿನಾಂಕದ ಒಂದು ತೊಡಕು. ಮಹಾರಾಷ್ಟ್ರದ ಸಹಕಾರಿ ಕಾನೂನಿನಂತೆ ಸೊಸೈಟಿಗಳು ವಾರ್ಷಿಕ ಮಹಾಸಭೆಯನ್ನು ಸೆಪ್ಟೆಂಬರ್ 30ರೊಳಗೆ ನಡೆಸಬೇಕು, ಹೆಚ್ಚಿನವರು ಅದನ್ನು ಸೆಪ್ಟೆಂಬರಿಗೇ ತಳ್ಳುತ್ತಾರೆ. ಕೊಳಕುಮಂಡಲ ಮರಿ ಹಾಕುವುದು ಮೇ-ಜುಲೈ ಆಸುಪಾಸಿನಲ್ಲಿ, ನಾಗರದ ಮೊಟ್ಟೆ ಒಡೆಯುವುದು ಮಳೆ ಶುರುವಾಗುವ ಹೊತ್ತಿಗೆ, ಬಿಲಕ್ಕೆ ನೀರು ನುಗ್ಗಿ ಹಾವುಗಳು ಮೇಲೇರುವುದು ಜೂನಿನಲ್ಲಿ. ನಾಯಿಯ ಜಾಗ, ಜಾಲರಿ, ವಾಚ್‌ಮನ್‌ನ ಮಂಚ ಇವೆಲ್ಲ ಸೆಪ್ಟೆಂಬರಿನ ಅಜೆಂಡಾಕ್ಕೆ ಬಂದರೆ ಆ ವರ್ಷದ ಮಟ್ಟಿಗೆ ಉಪಯೋಗವಿಲ್ಲ. ಏಪ್ರಿಲಿನ ಕಮಿಟಿ ಸಭೆಯಲ್ಲೇ ಮಂಜೂರು ಮಾಡಿಸಿಕೊಂಡು, ಮೇ 15ರೊಳಗೆ ಹಿಂಬದಿಯ ರಾಶಿ ಎತ್ತಿಸಿಬಿಡಬೇಕು.